ಗ್ಯೌಲ್ಪ್ 1996: ಹಿಮದಡಿಯ ಶಿಲಾರಸದ ಮೂಲ ಯಾವುದು?

ಐಸ್‌ಲೆಂಡಿನ ವಾಟ್ನಯೋಕುಲ್ ಹಿಮಹೊದಿಕೆಯ ಅಡಿಯಲ್ಲಿ 1996ರ ಸೆಪ್ಟೆಂಬರ್ 30ರಂದು ಆರಂಭವಾದ ಗ್ಯೌಲ್ಪ್ ಜ್ವಾಲಾಮುಖಿ ಸ್ಫೋಟದ ಹೊರ ವಿವರಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿದೆ. ಐದಾರುನೂರು ಮೀಟರ್ ದಪ್ಪದ ಮಂಜುಗಡ್ಡೆಯನ್ನು ಅದು ಸುಮಾರು 30 ಗಂಟೆಗಳಲ್ಲಿ ಕರಗಿಸಿ ಮೇಲೆದ್ದಿತು. ಕರಗಿದ ನೀರು ಗ್ರೀಮ್ಸ್ವೋಟ್ನ್ ಜ್ವಾಲಾಮುಖಿಯ ಹಿಮದಡಿಯ ಸರೋವರದಲ್ಲಿ ಐದು ವಾರ ಶೇಖರವಾಗಿ, ನವೆಂಬರ್ 5ರಂದು ದಕ್ಷಿಣದ ಮರಳುಬಯಲಿಗೆ ನುಗ್ಗಿ ಹೆದ್ದಾರಿಯ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಶಿಲಾರಸ ಯಾವ ಜ್ವಾಲಾಮುಖಿಯದು ಎಂಬ ಪ್ರಶ್ನೆ ಮಾತ್ರ ಇತ್ಯರ್ಥವಾಗಿಲ್ಲ.

ಸ್ಫೋಟದ ಹಿಂದಿನ ದಿನ ಉತ್ತರದ ಬೌರ್ದರ್ಬುಂಗಾ ಜ್ವಾಲಾಮುಖಿಯಲ್ಲಿ 5.6 ತೀವ್ರತೆಯ ಭೂಕಂಪವಾಯಿತು. ಆಮೇಲಿನ ಕಂಪನಗಳು ದಕ್ಷಿಣದತ್ತ ಸರಿದವು. ಆದ್ದರಿಂದ ಶಿಲಾರಸವೂ ಅಲ್ಲಿಂದಲೇ ಹರಿದು ಬಂತೆಂಬುದು ಒಂದು ವಾದ. ಓಲ್ಗೇಯ್ರ್ ಸಿಗ್ಮಾರ್ಸನ್ ಮತ್ತು ಸಂಗಡಿಗರು 2000ದಲ್ಲಿ ಇದಕ್ಕೆ ವಿರುದ್ಧವಾದ ಸಾಕ್ಷ್ಯ ಮುಂದಿಟ್ಟರು: ಗ್ಯೌಲ್ಪ್ ಶಿಲೆಯ ಐಸೊಟೋಪ್ ಅನುಪಾತ ಗ್ರೀಮ್ಸ್ವೋಟ್ನ್ ಶಿಲೆಯದನ್ನು ಹೋಲುತ್ತದೆ.

ನನಗೆ ಎರಡನೆಯ ಸಾಕ್ಷ್ಯವೇ ಬಲವಾಗಿ ಕಾಣುತ್ತದೆ. ಗ್ಯೌಲ್ಪ್ ಶಿಲೆಯಲ್ಲಿ ಸಾಮಾನ್ಯ ಬಸಾಲ್ಟ್‌ಗಿಂತ ಸಿಲಿಕಾ ಹೆಚ್ಚು. ಶಿಲಾರಸ ತಣಿಯುತ್ತ ಹರಳುಗಟ್ಟಿದಾಗ ಉಳಿದ ದ್ರವದಲ್ಲಿ ಸಿಲಿಕಾ ಹೆಚ್ಚುತ್ತದೆ. ಆದರೆ ಸ್ಟ್ರಾಂಷಿಯಂ ಐಸೊಟೋಪ್‌ಗಳ ಅನುಪಾತ ಹರಳುಗಟ್ಟುವಿಕೆಯಿಂದ ಬದಲಾಗದು; ಆದ್ದರಿಂದ ಅದು ಮೂಲದ ಗುರುತಾಗಿ ಉಳಿಯುತ್ತದೆ. 2014ರ ಘಟನೆ ಈ ವಾದಕ್ಕೆ ಹೊಸ ಬಲ ಕೊಡುತ್ತದೆ. ಆಗ ಬೌರ್ದರ್ಬುಂಗಾದ ಶಿಲಾರಸ ನೆಲದಡಿಯಲ್ಲೇ 40 ಕಿ.ಮೀ.ಗಿಂತ ಹೆಚ್ಚು ದೂರ ಸಾಗಿ ಹೋಲುಹ್ರೌನ್‌ನಲ್ಲಿ ಹೊರಬಂದರೂ ತನ್ನ ರಾಸಾಯನಿಕ ಗುರುತು ಕಳೆದುಕೊಳ್ಳಲಿಲ್ಲ. 1996ರ ದಾರಿ ಅದರ ಅರ್ಧದಷ್ಟೂ ಇರಲಿಲ್ಲ. ಅಷ್ಟು ಹತ್ತಿರದಲ್ಲಿ ಗುರುತು ಅಳಿಸಿತೆಂದು ಒಪ್ಪುವುದು ಕಷ್ಟ.

ಹಾಗಿದ್ದರೆ ಸರಿದ ಕಂಪನಗಳಿಗೆ ಏನರ್ಥ? ಬೌರ್ದರ್ಬುಂಗಾದ ಒತ್ತಡ, ಪ್ರಾಯಶಃ ಅಲ್ಲಿಂದ ಚಾಚಿದ ಬಿರುಕು, ನಡುವೆ ಮೊದಲೇ ನಿಂತಿದ್ದ ಗ್ರೀಮ್ಸ್ವೋಟ್ನ್ ಮೂಲದ ಶಿಲಾರಸಕ್ಕೆ ದಾರಿ ತೆರೆದಿರಬಹುದು. ಇದನ್ನು ಊಹೆಯೆಂದೇ ಮಂಡಿಸುತ್ತೇನೆ. ಎರಡೂ ಜ್ವಾಲಾಮುಖಿಗಳ ಬಸಾಲ್ಟ್‌ಗಳ ನಡುವಿನ ಅಂತರ ಸಣ್ಣದು. ಶಿಲಾರಸ ಹಾದಿಯ ಹಳೆಯ ಬಂಡೆಯನ್ನು ಕರಗಿಸಿಕೊಂಡಿದ್ದರೆ ಐಸೊಟೋಪ್ ಅನುಪಾತವೂ ಬದಲಾಗಿರಬಹುದು. ಎರಡು ಮೂಲಗಳ ಮಿಶ್ರಣವನ್ನೂ ತಳ್ಳಿಹಾಕಲಾಗದು. ಕಂಪನ ಸರಿದ ದಿಕ್ಕನ್ನು ಶಿಲಾರಸದ ಮೂಲಕ್ಕೆ ಪುರಾವೆಯಾಗಿ ತಾನೇತಾನಾಗಿ ಎಣಿಸಕೂಡದು ಎಂಬಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಆ ನಡುವಣ ಶಿಲಾರಸ ಎಷ್ಟು ಆಳದಲ್ಲಿ, ಎಷ್ಟು ಕಾಲ ನಿಂತಿತ್ತೆಂಬುದು ಮುಂದಿನ ಅಧ್ಯಯನಕ್ಕೆ ಬಿಟ್ಟ ಪ್ರಶ್ನೆ.