ಕಲ್ಲಿನ ಶಾಸನ, ಕಾಗದದ ಶಾಸನ

ಕನ್ನಡದಲ್ಲಿ ‘ಶಾಸನ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ದೇಗುಲದ ಅಂಗಳದಲ್ಲಿ ನಿಂತ ಬರೆಹದ ಕಲ್ಲೂ ಶಾಸನ. ವಿಧಾನಮಂಡಲ ಅಂಗೀಕರಿಸಿದ ಕಾಯಿದೆಯೂ ಶಾಸನ. ಕನ್ನಡದ ಅಧ್ಯಾಪಕನಾಗಿ ಮೊದಲನೆಯ ಬಗೆಯ ಶಾಸನಗಳೊಡನೆ ಬಹುಕಾಲ ಕಳೆದ ನಾನು, ನಿವೃತ್ತಿಯ ಅನಂತರ ಎರಡನೆಯ ಬಗೆಯವನ್ನೂ ಓದತೊಡಗಿದೆ. ಓದುತ್ತ ಹೋದಂತೆ ಎರಡಕ್ಕೂ ಸಮಾನವಾದ ಒಂದು ಪ್ರಶ್ನೆ ಕಾಣಿಸಿತು. ಊರನ್ನು ನಡೆಸುವ ಮಂಡಲಿಯ ಅಧಿಕಾರವು ಊರಿನದೇ ಆದ ಸ್ವತ್ತೇ, ಇಲ್ಲವೆ ಮೇಲಿನವರು ದಯಪಾಲಿಸಿ ಬೇಕೆಂದಾಗ ಹಿಂದಕ್ಕೆ ಪಡೆಯಬಹುದಾದ ಕೊಡುಗೆಯೇ?

ಮೊದಲು ಕಲ್ಲಿನ ಮಾತು. ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಅಂದರೆ ಹಿಂದಿನ ಪುಲಿಗೆರೆಯಲ್ಲಿ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಹಾಕಿಸಿದ ಶಾಸನವೊಂದಿದೆ. ಕಾಲ, 8ನೆಯ ಶತಮಾನದ ಮೊದಲ ಭಾಗ. ಪುಲಿಗೆರೆ ಹಳ್ಳಿಯಲ್ಲ, ಪಟ್ಟಣ. ಆದರೂ ನಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಬರೆಹ ದೊರೆಯುವುದು ಕಷ್ಟ. ಮಹಾಜನರು, ನಗರ, ಹದಿನೆಂಟು ಪ್ರಕೃತಿಗಳು, ಇವರಿಗೆ ಕೊಟ್ಟ ‘ಆಚಾರವ್ಯವಸ್ಥೆ’ ಅದು. ಊರವರು ಅರಮನೆಗೆ ಏನನ್ನು ಸಲ್ಲಿಸಬೇಕು ಎಂಬುದನ್ನು ಅದು ಹೇಳುತ್ತದೆ. ಅದರೊಡನೆ, ಅರಸನ ಅಧಿಕಾರಿಗಳು ಊರವರ ಯಾವ ಯಾವ ಹಕ್ಕುಗಳನ್ನು ಕಾಯಬೇಕು ಎಂಬುದನ್ನೂ ಹೇಳುತ್ತದೆ. ತೆರಿಗೆಯನ್ನು ಮನೆಗಳ ಅಂತಸ್ತಿಗೆ ತಕ್ಕಂತೆ ಗೊತ್ತುಮಾಡಿದೆ. ಕೊಡುವವನು ಅರಸುಮಗನೇ ನಿಜ. ಆದರೆ ಕೊಟ್ಟ ಮಾತಿಗೆ ತನ್ನ ಅಧಿಕಾರಿಗಳನ್ನೂ ಅವನು ಕಟ್ಟಿಹಾಕಿದ್ದಾನೆ.

ಇದಕ್ಕೆ ಎರಡು ಶತಮಾನ ತರುವಾಯದ್ದು ತಮಿಳುನಾಡಿನ ಉತ್ತರಮೇರೂರಿನ ಶಾಸನ. ಒಂದನೆಯ ಪರಾಂತಕ ಚೋಳನ ಕಾಲದ ಕ್ರಿ. ಶ. 921ರ ಆ ಬರೆಹದಲ್ಲಿ ಊರನ್ನು 30 ಭಾಗ ಮಾಡಿ, ಅರ್ಹರ ಹೆಸರುಗಳನ್ನು ಓಲೆಯಲ್ಲಿ ಬರೆದು, ಕೊಡದಲ್ಲಿ ಹಾಕಿ, ಬಾಲಕನ ಕೈಯಿಂದ ಎತ್ತಿಸುವ ಕ್ರಮವಿದೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೆ ಮತ್ತೆ ಅವಕಾಶವಿಲ್ಲ. ಅವನ ಬಂಧುಗಳಿಗೂ ಇಲ್ಲ. ಈ ನಿಯಮವನ್ನು ಓದಿದವರು ಮೆಚ್ಚಿ ತಲೆದೂಗುತ್ತಾರೆ, ನಾನೂ ತಲೆದೂಗಿದವನೇ. ಆದರೆ ಅದೇ ಕಲ್ಲಿನ ಇನ್ನೆರಡು ಸಂಗತಿಗಳನ್ನು ಬಿಟ್ಟು ಓದಬಾರದು. ಆ ಸಭೆ ನಿಯಮ ಮಾಡುವಾಗ ಅರಸನ ಅಧಿಕಾರಿ ಅಲ್ಲಿ ಕುಳಿತಿದ್ದ. ಓಲೆಯಲ್ಲಿ ಹೆಸರು ಬರಬೇಕಾದರೆ ಭೂಮಿ ಇರಬೇಕು, ಸ್ವಂತ ಮನೆ ಇರಬೇಕು, ವೇದ ಬಲ್ಲವನಾಗಿರಬೇಕು, ವಯಸ್ಸು 35ರಿಂದ 70ರ ಒಳಗಿರಬೇಕು. ಗದ್ದೆಯಲ್ಲಿ ದುಡಿದವನ ಹೆಸರಾಗಲಿ, ಹೆಂಗಸಿನ ಹೆಸರಾಗಲಿ ಆ ಕೊಡಕ್ಕೆ ಬೀಳಲು ದಾರಿಯಿರಲಿಲ್ಲ.

ನಮ್ಮ ಹಳ್ಳಿಗಳಲ್ಲಿಯೂ ಅಧಿಕಾರ ನಿಂತದ್ದು ಇಂತಹ ಅಂತಸ್ತುಗಳ ಮೇಲೆಯೇ. ಶಾಸನಗಳ ಗಾವುಂಡ ಮುಂದೆ ಗೌಡನಾದ, ಸೇನಬೋವ ಶಾನುಭೋಗನಾದ. ಹೆಸರು ಸವೆದರೂ ಹುದ್ದೆ ತಂದೆಯಿಂದ ಮಗನಿಗೆ ಇಳಿಯುತ್ತಲೇ ಬಂದಿತು. 1961ರ ಗ್ರಾಮಾಧಿಕಾರ ರದ್ದತಿ ಶಾಸನ ಬಂದು, ಅದು 1963ರಲ್ಲಿ ಜಾರಿಯಾದಾಗ, ಆ ವಂಶಪಾರಂಪರ್ಯಕ್ಕೆ ಕಾನೂನಿನ ತೆರೆ ಬಿದ್ದಿತು.

ಚಾರ್ಲ್ಸ್ ಮೆಟ್ಕಾಫ್ 1830ರಲ್ಲಿ ಭಾರತದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದು ಬಣ್ಣಿಸಿದ. ಆ ಚಿತ್ರ ನಮ್ಮವರಿಗೂ ಪ್ರಿಯವಾಯಿತು. 1882ರಲ್ಲಿ ರಿಪ್ಪನ್ನನ ನಿರ್ಣಯ ಸ್ಥಳೀಯ ಆಡಳಿತಕ್ಕೆ ಬಾಗಿಲು ತೆರೆಯಿತು. ಮೈಸೂರು ಸಂಸ್ಥಾನದಲ್ಲಿ 1926ರ ಗ್ರಾಮ ಪಂಚಾಯಿತಿ ಶಾಸನ ಬಂದಿತು. ಏಕೀಕರಣದ ಹೊತ್ತಿಗೆ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹೀಗೆ ಬೇರೆ ಬೇರೆ ಆಡಳಿತಗಳಲ್ಲಿದ್ದ ಕನ್ನಡದ ಹಳ್ಳಿಗಳಿಗೆ ಬೇರೆ ಬೇರೆ ಕಾನೂನುಗಳಿದ್ದುವು. 1959ರ ಶಾಸನ ಅವೆಲ್ಲವನ್ನೂ ಒಂದು ಸೂರಿನಡಿ ತಂದಿತು.

ಈ ನಡುವೆ ನಡೆದ ದೊಡ್ಡ ವಾದವನ್ನು ನೆನೆಯಲೇಬೇಕು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಹಳ್ಳಿಯ ಬಗೆಗಿನ ಮೋಹವನ್ನು ಕಟುವಾಗಿ ಟೀಕಿಸಿದರು. ಸಂಕುಚಿತ ಬುದ್ಧಿಯ, ಜಾತಿ ಕಟ್ಟಿನ ಹಳ್ಳಿಯ ಕೈಗೆ ಅಧಿಕಾರ ಕೊಟ್ಟರೆ ದುರ್ಬಲನಿಗೆ ದಿಕ್ಕು ಯಾರು ಎಂಬುದು ಅವರ ಆತಂಕ. ಅದೇ ತಿಂಗಳ 22ರಂದು ಕೆ. ಸಂತಾನಂ ಅವರ ತಿದ್ದುಪಡಿಯ ಮೂಲಕ ಪಂಚಾಯಿತಿಗೆ ಸಂವಿಧಾನದಲ್ಲಿ ಸ್ಥಾನ ದೊರೆಯಿತು. ಅಂಬೇಡ್ಕರ್ ಅವರೂ ಒಪ್ಪಿದರು. ಆದರೆ ಅದು ಇಂದಿನ 40ನೆಯ ಅನುಚ್ಛೇದ, ಬರಿಯ ನಿರ್ದೇಶಕ ತತ್ತ್ವ; ನ್ಯಾಯಾಲಯದಲ್ಲಿ ಕೇಳಿ ಪಡೆಯುವಂಥದ್ದಲ್ಲ.

ಆ ಆತಂಕಕ್ಕೆ ಉತ್ತರ ಕರ್ನಾಟಕದಲ್ಲಿ ಸ್ವಲ್ಪ ಬೇಗ ಮೊಳೆಯಿತು. 1983ರಲ್ಲಿ ಮಂಡಿಸಿ, 1985ರಲ್ಲಿ ಅಂಕಿತ ಪಡೆದ ಶಾಸನದಂತೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಇದರ ಹಿಂದಿನ ಶ್ರಮ ಮಂತ್ರಿ ಅಬ್ದುಲ್ ನಜೀರ್ ಸಾಬರದು. ಸ್ಥಾನಗಳಲ್ಲಿ ನೂರಕ್ಕೆ 25 ಹೆಂಗಸರಿಗೆ ಮೀಸಲು. ಹೊಸ ಅಧ್ಯಾಪಕನಾಗಿದ್ದ ನನ್ನನ್ನು ಒಂದು ಹಳ್ಳಿಯ ಮತಗಟ್ಟೆಗೆ ಹಾಕಿದ್ದರು. ಅಭ್ಯರ್ಥಿಯಾಗಿ ನಿಂತ ಹೆಣ್ಣುಮಗಳೊಬ್ಬಳು ಒಳಗೆ ಬರಲು ಅಂಜಿ ಬಾಗಿಲ ಬಳಿಯೇ ನಿಂತಿದ್ದಳು. ‘ಬಾರಮ್ಮ, ಇದು ನಿನ್ನದೂ ಜಾಗ’ ಎಂದು ಊರಿನ ಹಿರಿಯರೊಬ್ಬರು ಕರೆದರು. ಉತ್ತರಮೇರೂರಿನ ಕೊಡಕ್ಕೆ ಬೀಳದ ಹೆಸರು ಇಲ್ಲಿ ಮತಪತ್ರದಲ್ಲಿ ಅಚ್ಚಾಗಿತ್ತು. ಮುಂದೆ 1993ರ ಶಾಸನದಲ್ಲಿ ಈ ಪಾಲು ಮೂರನೆಯ ಒಂದು ಭಾಗವಾಗಿ, 2010ರಲ್ಲಿ ಅರ್ಧಕ್ಕೆ ಏರಿತು.

ಇನ್ನು ಅಧಿಕಾರದ ಮಾತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿಯನ್ನು ಭಾಷೆಯ ಮೇಷ್ಟರ ಕಣ್ಣಿನಿಂದ ಓದಿದರೆ ಒಂದು ಸೂಕ್ಷ್ಮ ಎದ್ದು ಕಾಣುತ್ತದೆ. ಪಂಚಾಯಿತಿಗಳನ್ನು ರಚಿಸುವ ಬಗೆಗೆ, ಐದು ವರ್ಷ ಮುಗಿಯುವ ಮುನ್ನ ಚುನಾವಣೆ ನಡೆಸುವ ಬಗೆಗೆ, ವಾಕ್ಯಗಳು ‘ತಕ್ಕದ್ದು’ ಎಂದು ಮುಗಿಯುತ್ತವೆ. ಕೃಷಿ, ಕುಡಿಯುವ ನೀರು, ಶಾಲೆ ಮೊದಲಾದ 29 ವಿಷಯಗಳ ಅಧಿಕಾರವನ್ನು ವಹಿಸಿಕೊಡುವ ಬಗೆಗಾದರೋ ರಾಜ್ಯದ ವಿಧಾನಮಂಡಲವು ಕೊಡ‘ಬಹುದು’ ಎಂದಿದೆ. ಊರಿನ ಮಂಡಲಿ ಇರಲೇಬೇಕು. ಅದರ ಕೈಯಲ್ಲಿ ಏನಿರಬೇಕು ಎಂಬುದು ಮಾತ್ರ ರಾಜ್ಯದ ಇಚ್ಛೆ.

ನಮ್ಮ ರಾಜ್ಯದ ಶಾಸನ ಕೊಟ್ಟಿರುವುದು ಕಡಿಮೆಯೇನಲ್ಲ. ಮನೆ ಕಂದಾಯ ಹಾಕಿ ವಸೂಲು ಮಾಡುವುದು, ಕಟ್ಟಡಕ್ಕೆ ಅನುಮತಿ ಕೊಡುವುದು, ಬೀದಿಯ ಒತ್ತುವರಿ ತೆರವು ಮಾಡಿಸುವುದು, ನೀರು, ದೀಪ, ಚರಂಡಿಗಳನ್ನು ನೋಡಿಕೊಳ್ಳುವುದು, ಇವೆಲ್ಲ ಗ್ರಾಮ ಪಂಚಾಯಿತಿಯ ಅಧಿಕಾರಗಳು. ಆದರೆ ಪಂಚಾಯಿತಿಯನ್ನೇ ವಿಸರ್ಜಿಸುವ ಅಧಿಕಾರ ಸರಕಾರಕ್ಕೂ ಉಂಟು. ‘ತಕ್ಕದ್ದು’ ಎಂಬ ಕಡೆಯೂ ಮಾತು ತಪ್ಪುವುದುಂಟು: 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಸಕಾಲದಲ್ಲಿ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕುಳಿತರು.

ಆದುದರಿಂದ ಹಳೆಯ ಕಲ್ಲುಗಳಿಂದ ನಾವು ಕಲಿಯಬೇಕಾದದ್ದು ಹಿಂದಿನ ಹಳ್ಳಿ ಸ್ವರ್ಗವಾಗಿತ್ತು ಎಂಬುದನ್ನಲ್ಲ. ಕೊಟ್ಟ ಅಧಿಕಾರಕ್ಕೆ ಕೊಟ್ಟವನೂ ಬದ್ಧನಾಗಬೇಕು ಎಂದು ಪುಲಿಗೆರೆ ಹೇಳುತ್ತದೆ. ಪಡೆದವನು ಲೆಕ್ಕ ಒಪ್ಪಿಸಬೇಕು ಎಂದು ಉತ್ತರಮೇರೂರು ಹೇಳುತ್ತದೆ. ಇವೆರಡನ್ನೂ ಕೇಳುವ ಹಕ್ಕು ಈಗ ಊರಿನ ಪ್ರತಿಯೊಬ್ಬ ಮತದಾರನಿಗೂ ಇದೆ, ಕೇಳುವ ಜಾಗ ಗ್ರಾಮಸಭೆ. ಪಟ್ಟಣ ಸೇರಿದ ನಮ್ಮಲ್ಲಿ ಹಲವರ ಹೆಸರು ಇಂದಿಗೂ ಊರಿನ ಮತದಾರರ ಪಟ್ಟಿಯಲ್ಲಿದೆ. ಜಾತ್ರೆಗೆ ಊರಿಗೆ ಹೋಗುವ ನಾವು, ಗ್ರಾಮಸಭೆಯ ದಿನವೂ ಒಮ್ಮೆ ಹೋಗಿ ಕುಳಿತು, ಲೆಕ್ಕವನ್ನು ಓದಿಸಿ ಕೇಳಿಸಿಕೊಂಡರೆ ಒಳ್ಳೆಯದು.