ಗುಂಡಿನ ನೆಲೆ: ರೈಫಲಿನ ಚರಿತ್ರೆಯಲ್ಲಿ ಒಂದು ಅಲ್ಪಾಂತರದ ವಿಚಾರ

ಬಂದೂಕಿನ ಚರಿತ್ರೆಯಲ್ಲಿ ಸಾಮಾನ್ಯವಾಗಿ ನಳಿಗೆಯ ರಚನೆಗೂ ಮದ್ದಿನ ಶಕ್ತಿಗೂ ಪ್ರಾಧಾನ್ಯ ಸಲ್ಲುತ್ತದೆ. ಗುಂಡು ಹಾರುವ ಮುನ್ನ ಎಲ್ಲಿ, ಎಷ್ಟು ಆಳದಲ್ಲಿ ನೆಲೆಗೊಂಡಿರಬೇಕೆಂಬ ಪ್ರಶ್ನೆ ಗೌಣವೆನಿಸುತ್ತದೆ. ಆದರೆ ಕೂದಲೆಳೆಯಷ್ಟರ ಈ ಅಂತರವು ರೈಫಲಿನ ಚರಿತ್ರೆಯ ಹಲವು ತಿರುವುಗಳಿಗೆ ಕಾರಣವಾಗಿದೆ. ಅದನ್ನು ನಿರ್ಣಯಿಸುವ ಅಧಿಕಾರವು ಯಾರ ಕೈಯಿಂದ ಯಾರ ಕೈಗೆ ಸಾಗಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಬಯಸುತ್ತೇವೆ.

ನಳಿಗೆಯ ಒಳಮೈಯಲ್ಲಿ ಸುರುಳಿಗೀರುಗಳನ್ನು ಕೊರೆದ ಬಂದೂಕೇ ರೈಫಲ್. ಗುಂಡು ಈ ಗೀರುಗಳನ್ನು ಕಚ್ಚಿ ತಿರುಗುತ್ತ ಹೊರಟರೆ ಮಾತ್ರ ಗುರಿ ನಿಲ್ಲುವುದು. ಆದರೆ ಗೀರುಗಳನ್ನು ಕಚ್ಚುವಷ್ಟು ದಪ್ಪನಾದ ಗುಂಡನ್ನು ನಳಿಗೆಯ ಬಾಯಿಂದ ತುಂಬುವುದು ಕಷ್ಟ. ಸಲೀಸಾಗಿ ಇಳಿಯುವ ಗುಂಡು ಗೀರುಗಳನ್ನು ಕಚ್ಚದು. 1826ರಲ್ಲಿ ಫ್ರಾನ್ಸಿನ ಡೆಲ್ವೀನ್ ಮದ್ದಿನ ಕೋಣೆಯನ್ನು ಕಿರಿದುಗೊಳಿಸಿ, ಅದರ ಅಂಚಿನ ಮೇಲೆ ಕುಳಿತ ಗುಂಡನ್ನು ಸಲಾಕೆಯಿಂದ ಜಜ್ಜಿ ಹಿಗ್ಗಿಸುವ ಉಪಾಯವನ್ನು ಮಾಡಿದನು. ಆದರೆ ಜಜ್ಜಿದ ಗುಂಡು ವಿರೂಪಗೊಳ್ಳುತ್ತಿತ್ತು. 1849ರಲ್ಲಿ ಮಿನಿಯೆ ಎಂಬ ಫ್ರೆಂಚ್ ಅಧಿಕಾರಿಯು ಟೊಳ್ಳುತಳದ ನೀಳಗುಂಡನ್ನು ರೂಪಿಸಿದನು. ಇದನ್ನು ಹಿಗ್ಗಿಸುವ ಕೆಲಸವನ್ನು ಸ್ಫೋಟದ ಒತ್ತಡವೇ ನೆರವೇರಿಸಿತು.

ಇದೇ ತತ್ತ್ವವನ್ನು ಅನುಸರಿಸಿದ 1853ರ ಎನ್‌ಫೀಲ್ಡ್ ರೈಫಲಿನ ನಳಿಗೆಯ ವ್ಯಾಸ 0.577 ಅಂಗುಲ, ಅದರ ಮೊದಲ ಗುಂಡಿನದು 0.568 ಅಂಗುಲ. ನಡುವೆ ಉಳಿದ ಅಲ್ಪ ಎಡೆಯನ್ನು ಕೊಬ್ಬು ಸವರಿದ ಕಾಗದವು ತುಂಬುತ್ತಿತ್ತು. ಆ ಕಾಗದವನ್ನು ಹಲ್ಲಿನಿಂದ ಹರಿಯಬೇಕಾಗಿದ್ದುದೂ ಕೊಬ್ಬು ಹಸು ಹಂದಿಗಳದೆಂಬ ಶಂಕೆಯೂ ಸಿಪಾಯಿಗಳನ್ನು ಕೆರಳಿಸಿದುದು ವಿದಿತವೇ ಆಗಿದೆ. 1857ರ ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಮಂದಿ ಸವಾರರ ಪೈಕಿ 85 ಮಂದಿ ತಮಗೆ ಕೊಟ್ಟ ತೋಟಾಗಳನ್ನು ಮುಟ್ಟಲೊಪ್ಪಲಿಲ್ಲ. ಆ ಮಹಾಸಂಗ್ರಾಮಕ್ಕೆ ಕಾರಣಗಳು ಅನೇಕ. ಅಳತೆಯೊಂದನ್ನೇ ಕಾರಣವೆನ್ನುವುದು ಯುಕ್ತವಲ್ಲ. ಆದರೂ ಗುಂಡನ್ನು ನಳಿಗೆಗೆ ಹೊಂದಿಸುವ ಕ್ರಮವನ್ನು ದೂರದಲ್ಲಿ ನಿರ್ಣಯಿಸಿದವರು ಅದನ್ನು ಬಳಸುವವರ ಮನಸ್ಸನ್ನು ಅರಿಯದೆ ಹೋದರೆಂಬುದು ನಿಸ್ಸಂಶಯ.

ಅನಂತರ ಬಂದ ಹಿತ್ತಾಳೆಯ ತೋಟಾದಲ್ಲಿ ಮದ್ದು, ಗುಂಡು, ಕಿಡಿಹೊತ್ತಿಸುವ ಕೇಪು ಮೂರೂ ಒಂದುಗೂಡಿದವು. ನಮ್ಮ ಮಲೆನಾಡಿನವರು ‘ಕೇಪಿನ ಕೋವಿ’, ‘ತೋಟಾಕೋವಿ’ ಎಂದು ಭೇದವೆಣಿಸುವುದು ಈ ಪರಿವರ್ತನೆಯ ಕುರುಹು. ಗುಂಡಿನ ಆಳ ಈಗ ಸಲಾಕೆ ಹಿಡಿದವನ ಕೈತಪ್ಪಿ ಕಾರ್ಖಾನೆಯ ಪಾಲಾಯಿತು. ಹಿಂದಿನಿಂದ ತುಂಬುವ ಕ್ರಮದಿಂದಲೇ ಗುರಿ ಸುಧಾರಿಸಿತೆಂದು ಕೆಲವರು ತಿಳಿಯುವುದುಂಟು. 1874ರಲ್ಲಿ ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರಿನಲ್ಲಿ ನಡೆದ ಪಂದ್ಯವು ಈ ಅಭಿಪ್ರಾಯವನ್ನು ಪುಷ್ಟೀಕರಿಸುವುದಿಲ್ಲ. 800, 900, 1000 ಗಜಗಳ ದೂರದಿಂದ ಹೊಡೆದ ಅಮೆರಿಕನ್ನರು ಹಿಂದಿನಿಂದ ತುಂಬುವ ರೈಫಲುಗಳಿಂದ 934 ಅಂಕಗಳನ್ನೂ, ಐರ್ಲೆಂಡಿನವರು ಬಾಯಿಂದ ತುಂಬುವ ರೈಫಲುಗಳಿಂದ 931 ಅಂಕಗಳನ್ನೂ ಗಳಿಸಿದರು. ಐರ್ಲೆಂಡಿನವನೊಬ್ಬನ ಗುಂಡು ಪಕ್ಕದ ಗುರಿಹಲಗೆಗೆ ಬಿದ್ದುದರಿಂದ ಅಂಕ ದೊರೆಯಲಿಲ್ಲ. ಗುರಿಯನ್ನು ನಿಲ್ಲಿಸುವುದು ತುಂಬುವ ದಿಕ್ಕಲ್ಲ. ಗುಂಡು ಪ್ರತಿಸಲವೂ ಒಂದೇ ನೆಲೆಯಲ್ಲಿ, ನಳಿಗೆಯ ಅಕ್ಷಕ್ಕೆ ನೇರವಾಗಿ ಕೂಡುವುದೇ ಎಂದು ನಮಗೆ ತೋರುತ್ತದೆ. ಅಮೆರಿಕದ ಹೆಸರಾಂತ ನಳಿಗೆಗಾರ ಹ್ಯಾರಿ ಪೋಪ್ (1861–1950) ಗುಂಡನ್ನು ಬಾಯಿಂದಲೂ ಮದ್ದು ತುಂಬಿದ ಕೋಶವನ್ನು ಹಿಂದಿನಿಂದಲೂ ಇರಿಸುವ ಕ್ರಮವನ್ನು ಬಳಕೆಗೆ ತಂದುದು ಇದಕ್ಕೆ ಮತ್ತೊಂದು ನಿದರ್ಶನ. ವೃತ್ತಿಯಿಂದ ವೈದ್ಯನಾದ ಫ್ರಾಂಕ್ಲಿನ್ ಮ್ಯಾನ್ 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಪ್ರಶ್ನೆಗಳನ್ನು ದೀರ್ಘಕಾಲದ ಪ್ರಯೋಗಗಳ ಒರೆಗಲ್ಲಿಗೆ ಹಚ್ಚಿದನು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದನ್ನು ಕಂಡುಹಿಡಿದ ತರುವಾಯ ಈ ಅಳತೆಯು ಗುರಿಗೆ ಮಾತ್ರವಲ್ಲದೆ ಪ್ರಾಣಕ್ಕೂ ಸಂಬಂಧಿಸಿತು. ಗುಂಡನ್ನು ಕೋಶದೊಳಕ್ಕೆ ಹೆಚ್ಚು ಇಳಿಸಿದರೆ ಮದ್ದಿಗಿರುವ ಎಡೆ ಕುಗ್ಗಿ ಒತ್ತಡ ಏರಬಹುದು. ಗೀರುಗಳಿಗೆ ತಾಗುವಂತೆ ಮುಂದಿಟ್ಟರೆ ಗುಂಡು ಚಲಿಸತೊಡಗುವಾಗಲೇ ತಡೆಯುಂಟಾಗಿ ಆಗಲೂ ಒತ್ತಡ ಏರುವುದು. 1945ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತನ್ನ ಉದ್ಯಮವನ್ನು ಆರಂಭಿಸಿದ ರಾಯ್ ವೆದರ್‌ಬಿ ಗೀರುಗಳಿಗೆ ಮುನ್ನ ನುಣುಪಾದ ಎಡೆಯನ್ನು ಉದ್ದವಾಗಿ ಬಿಟ್ಟು, ಗುಂಡು ತಡೆಯಿಲ್ಲದೆ ಹೊರಡುವಂತೆ ಮಾಡಿದನು. ಇನ್ನು ತಯಾರಕರ ಸಂಸ್ಥೆಗಳು ತೋಟಾದ ಗರಿಷ್ಠ ಉದ್ದವನ್ನು ನಿಗದಿಗೊಳಿಸಿದುದು, ಒಬ್ಬನ ತೋಟಾ ಮತ್ತೊಬ್ಬನ ಬಂದೂಕಿಗೆ ಹೊಂದಲೆಂಬ ಉದ್ದೇಶದಿಂದ. ಸಾರ್ವತ್ರಿಕವಾದ ಅಳತೆ ಎಲ್ಲಕ್ಕೂ ಹೊಂದುತ್ತದೆಯೇ ಹೊರತು ಯಾವೊಂದು ನಳಿಗೆಗೂ ಶ್ರೇಷ್ಠವೆನ್ನಲಾಗದು.

ಆದುದರಿಂದಲೇ ಖಾಲಿ ಕೋಶವನ್ನು ತಾವೇ ಮರಳಿ ತುಂಬುವ ಗುರಿಕಾರರು ಇಂದು ಗುಂಡಿನ ಆಳವನ್ನು ಅಂಗುಲದ ಸಾವಿರದೊಂದು ಭಾಗದಷ್ಟು ಹಿಂದುಮುಂದು ಮಾಡಿ ಪರೀಕ್ಷಿಸುತ್ತಾರೆ. ಸಲಾಕೆ ಹಿಡಿದವನಿಂದ ಕಾರ್ಖಾನೆಗೆ ಹೋಗಿದ್ದ ನಿರ್ಣಯವು ಹೀಗೆ ಅವರ ಕೈಗೆ ಮರಳಿದೆ. ಅದರೊಡನೆ ಒತ್ತಡದ ಹೊಣೆಯೂ ಬಂದಿದೆ. ಅಳತೆಯ ಚರಿತ್ರೆಯನ್ನು ಬರೆಯುವವನು ಅಳೆಯುವ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದೇ ನಮ್ಮ ಅಭಿಪ್ರಾಯ.