ಟಚ್‌ಡೌನ್ ಹೊಡೆದವನಿಗೆ ಪಂಕ್ತಿಯಲ್ಲಿ ಜಾಗವಿಲ್ಲ!

1960ರ ಜನವರಿ 1. ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರ. ಹೊಸ ವರ್ಷದ ದಿನ ಅಲ್ಲಿ ಕಾಟನ್ ಬೌಲ್ ಎಂಬ ದೊಡ್ಡ ಪಂದ್ಯ. ಒಂದು ಕಡೆ ಟೆಕ್ಸಾಸ್ ವಿಶ್ವವಿದ್ಯಾಲಯ, ಇನ್ನೊಂದು ಕಡೆ ನ್ಯೂಯಾರ್ಕ್ ರಾಜ್ಯದಿಂದ ಬಂದ ಸಿರಕ್ಯೂಸ್ ವಿಶ್ವವಿದ್ಯಾಲಯ. ಆಟ ಶುರುವಾಗಿ ಒಂದು ನಿಮಿಷ ಕಳೆದಿತ್ತೋ ಇಲ್ಲವೋ, ಸಿರಕ್ಯೂಸ್‌ನ 20 ವರ್ಷದ ಹುಡುಗನೊಬ್ಬ ಚೆಂಡು ಹಿಡಿದು ಓಡಿದ. ಅದು 87 ಗಜದ ಟಚ್‌ಡೌನ್! ಕೆಲವೇ ದಿನಗಳ ಹಿಂದೆ ಅಭ್ಯಾಸದಲ್ಲಿ ಇದೇ ಹುಡುಗನ ತೊಡೆಯ ಸ್ನಾಯು ಎಳೆದುಕೊಂಡಿತ್ತು. ಆಡ್ತಾನೋ ಇಲ್ವೋ ಅನ್ನೋ ಅನುಮಾನವಿತ್ತು. ಆಡಿದ. ಎರಡು ಟಚ್‌ಡೌನ್ ಹೊಡೆದ, ಎರಡು ಸಲ ಹೆಚ್ಚುವರಿ ಎರಡೆರಡು ಅಂಕ ತಂದ, ಎದುರಾಳಿ ಎಸೆದ ಚೆಂಡನ್ನು ನಡುವೆಯೇ ಕಸಿದು ಮೂರನೇ ಟಚ್‌ಡೌನ್‌ಗೂ ದಾರಿ ಮಾಡಿಕೊಟ್ಟ. ಸಿರಕ್ಯೂಸ್ 23, ಟೆಕ್ಸಾಸ್ 14. ಪಂದ್ಯದ ಶ್ರೇಷ್ಠ ಆಟಗಾರ ಯಾರು? ಅವನೇ. ಹೆಸರು ಅರ್ನಿ ಡೇವಿಸ್.

ಪಂದ್ಯ ಮುಗಿದ ಮೇಲೆ ಔತಣಕೂಟ. ಅಲ್ಲಿ ಅವನಿಗೆ ಏನು ಹೇಳಿದರು ಗೊತ್ತಾ? ಒಳಗೆ ಬಾ, ಟ್ರೋಫಿ ತಗೋ, ಆಮೇಲೆ ಎದ್ದು ಹೋಗು.

ಯಾಕೆ? ಅವನ ಮೈಬಣ್ಣ ಕಪ್ಪು.

ಪಂಕ್ತಿಭೇದ ಅನ್ನೋ ಪದ ನಮಗೆ ಹೊಸದಲ್ಲ. ಅದರ ಅರ್ಥವನ್ನು ಕನ್ನಡದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಅವತ್ತು ಎಲೆ ಮುಂದಿನಿಂದ ಎಬ್ಬಿಸಿದ್ದು ಯಾರನ್ನು ಅನ್ನೋದನ್ನು ನೋಡಬೇಕು. ಇಡೀ ಅಮೆರಿಕದಲ್ಲಿ ಆ ವರ್ಷ ಯಾವ ತಂಡಕ್ಕೂ ತಲೆಬಾಗದ ತಂಡದ ಹೀರೋನನ್ನು!

ಫುಟ್‌ಬಾಲ್ ಅಂದಕೂಡಲೇ ನಿಮಗೆ ಮೆಸ್ಸಿ, ರೊನಾಲ್ಡೊ ನೆನಪಾಗಬಹುದು. ಇದು ಆ ಆಟವಲ್ಲ. ಅಮೆರಿಕದವರು ಫುಟ್‌ಬಾಲ್ ಅನ್ನೋ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಗೆರೆಯಿಂದ ಗೆರೆಗೆ 100 ಗಜದ ಮೈದಾನ, ಒಂದೊಂದು ತಂಡಕ್ಕೆ 11 ಜನ. ಚೆಂಡು ಕೈಗೆ ಬಂದರೆ ನಾಲ್ಕು ಪ್ರಯತ್ನಗಳಲ್ಲಿ ಕನಿಷ್ಠ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಮುಂದೆ ಹೋಗಲು ಎರಡೇ ದಾರಿ. ಒಂದು, ಚೆಂಡನ್ನು ಗಾಳಿಯಲ್ಲಿ ಎಸೆಯೋದು. ಇನ್ನೊಂದು, ಎದೆಗೆ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡೋದು. ಹೀಗೆ ಓಡುವವನೇ ರನ್ನಿಂಗ್ ಬ್ಯಾಕ್. ನಮ್ಮ ಕಬಡ್ಡಿ ರೈಡರ್‌ನಂತೆ ಅವನೂ ಎದುರಾಳಿಗಳ ಬಾಯಿಗೇ ಹೋಗಬೇಕು. ಒಂದೇ ವ್ಯತ್ಯಾಸ. ರೈಡರ್ ಒಬ್ಬನೇ ಹೋಗ್ತಾನೆ, ಇವನಿಗೆ ಮುಂದೆ ನಿಂತು ದಾರಿ ಬಿಡಿಸಿಕೊಡುವ ಜೊತೆಗಾರರಿರ್ತಾರೆ.

ನಾನು ಎಂಜಿನಿಯರಿಂಗ್ ಓದಿದವನು. ಅಂಕಿಅಂಶದ ಪಟ್ಟಿ ಕಂಡರೆ ಒಂದು ಸಲ ಭಾಗಿಸಿ, ಗುಣಿಸಿ ನೋಡದಿದ್ದರೆ ಸಮಾಧಾನ ಇಲ್ಲ. 1959ರ ಸಿರಕ್ಯೂಸ್ ತಂಡದ ಪಟ್ಟಿ ಹಿಡಿದು ಕೂತಾಗ ಕಂಡದ್ದು ಇದು.

ಆ ಋತುವಿನಲ್ಲಿ ಹತ್ತು ಪಂದ್ಯ, ಹತ್ತೂ ಗೆಲುವು. ಗಳಿಸಿದ ಅಂಕ 390, ಬಿಟ್ಟುಕೊಟ್ಟ ಅಂಕ ಬರೀ 59. ಐದು ಪಂದ್ಯಗಳಲ್ಲಿ ಎದುರಾಳಿಯ ಅಂಕ ಸೊನ್ನೆ. ಕೋಲ್ಗೇಟ್ ಮೇಲೆ 71-0, ಬೋಸ್ಟನ್ ಯೂನಿವರ್ಸಿಟಿ ಮೇಲೆ 46-0. ಉಸಿರು ಬಿಗಿ ಹಿಡಿದು ಗೆದ್ದಿದ್ದು ಒಂದೇ ಕಡೆ, ಪೆನ್ ಸ್ಟೇಟ್ ಎದುರು 20-18. ಓಟದಿಂದಲೇ ಪ್ರತಿ ಪಂದ್ಯಕ್ಕೆ ಸರಾಸರಿ 313.6 ಗಜ ಗಳಿಸಿದರು. ದೇಶಕ್ಕೇ ನಂಬರ್ ಒನ್. ಎದುರಾಳಿಗಳಿಗೆ ಓಡಲು ಬಿಟ್ಟಿದ್ದೆಷ್ಟು? ಪಂದ್ಯಕ್ಕೆ ಸರಾಸರಿ 19.3 ಗಜ! ಅಂದ್ರೆ ಇವರು ಮೈದಾನದ ಉದ್ದವನ್ನು ಮೂರು ಸಲ ಓಡಿ ದಾಟುವಷ್ಟರಲ್ಲಿ ಅವರು ಅದರ ಐದನೇ ಒಂದು ಭಾಗವನ್ನೂ ಮುಟ್ಟುತ್ತಿರಲಿಲ್ಲ. ಅದರ ಮೇಲೆ ಹನ್ನೊಂದನೇ ಗೆಲುವು ಡಲ್ಲಾಸ್‌ನಲ್ಲಿ. ಸಿರಕ್ಯೂಸ್‌ನ ಇತಿಹಾಸದಲ್ಲಿ ಫುಟ್‌ಬಾಲ್‌ನ ರಾಷ್ಟ್ರೀಯ ಚಾಂಪಿಯನ್ ಪಟ್ಟ ಸಿಕ್ಕಿದ್ದು ಆ ಒಂದೇ ಸಲ.

ಇದರಲ್ಲಿ ಡೇವಿಸ್ ಪಾಲೆಷ್ಟು? 98 ಸಲ ಚೆಂಡು ಹಿಡಿದು ಓಡಿದ, 686 ಗಜ ಗಳಿಸಿದ. ಓಟಕ್ಕೆ ಸರಾಸರಿ ಏಳು ಗಜ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಸಾಕು ಅನ್ನೋ ಆಟದಲ್ಲಿ ಈ ಹುಡುಗ ಎರಡೇ ಓಟದಲ್ಲಿ ಅದನ್ನು ದಾಟುತ್ತಿದ್ದ. ತಂಡದಲ್ಲಿ ಅತಿ ಹೆಚ್ಚು ಓಡಿದವನು ಇವನೇ. ಆದರೂ ತಂಡದ ಒಟ್ಟು 3,136 ಗಜದಲ್ಲಿ ಇವನದು ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದದ್ದೆಲ್ಲ ಬೇರೆಯವರ ಕಾಲಿನದು. ಇವರೆಲ್ಲರ ಮುಂದೆ ಗೋಡೆಯ ಹಾಗೆ ನಿಂತಿದ್ದವರು ಏಳು ಮಂದಿ ದಾಂಡಿಗರು. ಪತ್ರಿಕೆಗಳು ಅವರಿಗೆ ‘ಸೈಜಬಲ್ ಸೆವೆನ್’ ಅಂತ ಹೆಸರಿಟ್ಟಿದ್ದವು. ಅವರು ಎದುರಾಳಿಯನ್ನು ಪಕ್ಕಕ್ಕೆ ತಳ್ಳಿದರೆ ಅಲ್ಲೊಂದು ಸಂದು ಬೀಳುತ್ತಿತ್ತು. ಆ ಸಂದಿನಲ್ಲಿ ಡೇವಿಸ್ ಮಾಯ.

ಈಗ ಈ ತಂಡದ ಜನರನ್ನು ನೋಡಿ. ಕೋಚ್ ಬೆನ್ ಶ್ವಾರ್ಟ್ಸ್‌ವಾಲ್ಡರ್ ಎರಡನೇ ಮಹಾಯುದ್ಧದಲ್ಲಿ ಪ್ಯಾರಾಟ್ರೂಪರ್. 1944ರ ಜೂನ್‌ನಲ್ಲಿ ಜರ್ಮನ್ನರ ವಿರುದ್ಧ ಹೋರಾಡಲು ಫ್ರಾನ್ಸ್‌ನ ನೆಲಕ್ಕೆ ಆಕಾಶದಿಂದ ಜಿಗಿದವನು. ತಂಡದ ನಾಯಕ ಗೆರ್ ಶ್ವೆಡೆಸ್ ಹುಟ್ಟಿದ್ದೇ ಜರ್ಮನಿಯಲ್ಲಿ. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಬಂದ ಹುಡುಗ. ಡಲ್ಲಾಸ್‌ನಲ್ಲಿ ಆ 87 ಗಜದ ಟಚ್‌ಡೌನ್‌ಗೆ ಚೆಂಡು ಎಸೆದವನು ಇದೇ ಶ್ವೆಡೆಸ್. ಶತ್ರು ದೇಶದಲ್ಲಿ ಹುಟ್ಟಿದವನಿಗೆ ಔತಣದಲ್ಲಿ ಕುರ್ಚಿ ಇತ್ತು. ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ಅಜ್ಜ ಅಜ್ಜಿಯ ಕೈಯಲ್ಲಿ ಬೆಳೆದು, ಆಮೇಲೆ ನ್ಯೂಯಾರ್ಕ್‌ನ ಎಲ್ಮೈರಾ ಊರಲ್ಲಿ ತಾಯಿಯ ಜೊತೆಗಿದ್ದು ಓದಿದ ಅಪ್ಪಟ ಅಮೆರಿಕನ್ ಹುಡುಗನಿಗೆ ಇರಲಿಲ್ಲ. ತಂಡದಲ್ಲಿದ್ದ ಇನ್ನಿಬ್ಬರು ಕಪ್ಪು ಆಟಗಾರರಾದ ಆರ್ಟ್ ಬೇಕರ್ ಮತ್ತು ಜಾನ್ ಬ್ರೌನ್ ಅವರಿಗೂ ಇರಲಿಲ್ಲ.

ಆಗ ತಂಡದ ಬಿಳಿಯ ಆಟಗಾರರು ಏನು ಮಾಡಿದರು? ಇಲ್ಲಿ ನೆನಪುಗಳು ಒಂದಕ್ಕೊಂದು ಹೊಂದುವುದಿಲ್ಲ. ಇಡೀ ತಂಡ ಔತಣ ಬಿಟ್ಟು ಎದ್ದುಬಂತು ಅನ್ನೋ ಕಥೆ ಬಹಳ ಪ್ರಸಿದ್ಧ. ನಾವೂ ಹೊರಡುತ್ತೇವೆ ಅಂದರೂ ಅಧಿಕಾರಿಗಳು ಬಿಡಲಿಲ್ಲ ಅನ್ನೋ ನೆನಪೂ ಇದೆ. ನಮ್ಮ ಟಿವಿಯವರಿಗೆ ಮೊದಲನೆಯ ಕಥೆಯೇ ಇಷ್ಟ. ಹಿನ್ನೆಲೆಯಲ್ಲಿ ಒಂದು ಮ್ಯೂಸಿಕ್ ಹಾಕಿದರೆ ಕಣ್ಣೀರು ಗ್ಯಾರಂಟಿ! ಆದರೆ ಇತಿಹಾಸಕ್ಕೆ ಟಿಆರ್‌ಪಿ ಇಲ್ಲ.

2008ರಲ್ಲಿ ಹಾಲಿವುಡ್‌ನವರು ಡೇವಿಸ್ ಬಗ್ಗೆ ‘ದಿ ಎಕ್ಸ್‌ಪ್ರೆಸ್’ ಅಂತ ಸಿನಿಮಾ ಮಾಡಿದರು. ಅದರಲ್ಲಿ 1959ರ ವೆಸ್ಟ್ ವರ್ಜೀನಿಯಾ ಪಂದ್ಯ ಆ ರಾಜ್ಯದಲ್ಲೇ ನಡೆದ ಹಾಗೆ, ಪ್ರೇಕ್ಷಕರು ಕಪ್ಪು ಆಟಗಾರರನ್ನು ನಿಂದಿಸಿದ ಹಾಗೆ ತೋರಿಸಿದ್ದಾರೆ. ಆ ರಾಜ್ಯದ ಜನ ಸಿಟ್ಟಾದರು. ಯಾಕಂದ್ರೆ ಆ ವರ್ಷ ಆ ಪಂದ್ಯ ನಡೆದದ್ದು ಸಿರಕ್ಯೂಸ್‌ನ ಸ್ವಂತ ಮೈದಾನದಲ್ಲಿ, 44-0 ಅಂತರದಲ್ಲಿ! ಒಂದು ನಿಜವಾದ ಅನ್ಯಾಯಕ್ಕೆ ಸುಳ್ಳು ಮಸಾಲೆ ಅರೆದರೆ ಏನಾಗುತ್ತೆ? ನಿಜವನ್ನೂ ಅನುಮಾನಿಸುವವರಿಗೆ ನಾವೇ ಕೈಗೆ ಕೋಲು ಕೊಟ್ಟ ಹಾಗಾಗುತ್ತೆ. ಡಲ್ಲಾಸ್‌ನ ಊಟದ ಮನೆಯಲ್ಲಿ ನಡೆದದ್ದೇ ಸಾಕಾಗಿತ್ತಲ್ಲ, ಸ್ವಾಮಿ?

ಇಂಥ ಕಥೆ ಹೇಳುವಾಗ ನಮ್ಮಲ್ಲಿ ಒಂದು ಅಭ್ಯಾಸವಿದೆ. ‘ಪ್ರತಿಭೆ ಎಲ್ಲ ಗೋಡೆಗಳನ್ನೂ ಒಡೆಯುತ್ತೆ’ ಅಂತ ಹೇಳಿ ಚಪ್ಪಾಳೆ ತಟ್ಟಿಸಿಬಿಡ್ತೀವಿ. ಅದು ನಿಜವಾ? ಡೇವಿಸ್ ಬದುಕಿನ ಮುಂದಿನ ಪುಟಗಳನ್ನು ತಿರುವಿ ನೋಡೋಣ.

ಪ್ರತಿಭೆಯ ವಿಷಯಕ್ಕೆ ಬಂದರೆ ಇನ್ನೇನು ಬೇಕು? ಮೂರು ಋತುಗಳಲ್ಲಿ ಅವನು ಓಡಿದ್ದು 2,386 ಗಜ. ಸಿರಕ್ಯೂಸ್‌ನಲ್ಲಿ ತನಗಿಂತ ಮೊದಲು ಇದೇ 44 ನಂಬರ್ ಅಂಗಿ ತೊಟ್ಟಿದ್ದ ದೈತ್ಯ ಪ್ರತಿಭೆ ಜಿಮ್ ಬ್ರೌನ್‌ನ ದಾಖಲೆಗಳನ್ನೇ ಮುರಿದ. 1961ರಲ್ಲಿ ಹೈಸ್ಮನ್ ಟ್ರೋಫಿ ಗೆದ್ದ. ಅದು ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿ. 1935ರಿಂದ ಕೊಡುತ್ತಾ ಬಂದಿದ್ದ ಆ ಟ್ರೋಫಿಯನ್ನು ಮುಟ್ಟಿದ ಮೊದಲ ಕಪ್ಪು ಆಟಗಾರ ಅವನೇ. ನ್ಯೂಯಾರ್ಕ್‌ಗೆ ಬಂದಿದ್ದ ಅಧ್ಯಕ್ಷ ಕೆನಡಿ ಅವನನ್ನು ಕರೆಸಿ ಕೈಕುಲುಕಿದರು. ಎರಡು ವರ್ಷದ ಹಿಂದೆ ಊಟಕ್ಕೆ ಕೂರಿಸದವರ ದೇಶದ ಅಧ್ಯಕ್ಷ!

ಆದರೆ ವೃತ್ತಿಪರ ಲೀಗ್‌ನಲ್ಲಿ ಏನಾಯ್ತು ನೋಡಿ. ರಾಜಧಾನಿ ವಾಷಿಂಗ್ಟನ್‌ನ ತಂಡದ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್. ಲೀಗ್‌ನ ಉಳಿದೆಲ್ಲ ತಂಡಗಳಲ್ಲಿ ಕಪ್ಪು ಆಟಗಾರರಿದ್ದರೂ ಈತ ಮಾತ್ರ 1961 ಮುಗಿಯುವವರೆಗೂ ಒಬ್ಬನನ್ನೂ ಆಡಿಸಿರಲಿಲ್ಲ. ಜಿಮ್ ಬ್ರೌನ್‌ನಂಥವನು ವರ್ಷವರ್ಷವೂ ಎದುರಿಗೆ ಬಂದು ಓಡಿ ಸೋಲಿಸುತ್ತಿದ್ದ. ತಂಡ ಸೋತು ಸುಣ್ಣವಾಗುತ್ತಿತ್ತು. ಪ್ರತಿಭೆ ಕಣ್ಣೆದುರಿಗೇ ಇತ್ತು. ಮಾರ್ಷಲ್ ಜಗ್ಗಲಿಲ್ಲ.

ಹಾಗಾದರೆ ಅವನನ್ನು ಜಗ್ಗಿಸಿದವರು ಯಾರು? ಕೆನಡಿ ಸಂಪುಟದ ಆಂತರಿಕ ವ್ಯವಹಾರಗಳ ಕಾರ್ಯದರ್ಶಿ ಸ್ಟುವರ್ಟ್ ಯುಡಾಲ್. ವಾಷಿಂಗ್ಟನ್‌ನ ಹೊಸ ಕ್ರೀಡಾಂಗಣ ನಿಂತಿದ್ದು ಕೇಂದ್ರ ಸರ್ಕಾರದ ಜಾಗದ ಮೇಲೆ. ಯುಡಾಲ್ ಹೇಳಿದ್ದಿಷ್ಟೇ: ಸರ್ಕಾರದ ಜಾಗದಲ್ಲಿ ಆಡಬೇಕಾದರೆ ಬಣ್ಣ ನೋಡಿ ಕೆಲಸ ಕೊಡುವ ಹಾಗಿಲ್ಲ. ಬಾಡಿಗೆ ಕರಾರಿಗೆ ಕುತ್ತು ಬಂದಾಗ ಮಾರ್ಷಲ್‌ಗೆ ಜ್ಞಾನೋದಯವಾಯ್ತು! ಮುಂದಿನ ಋತುವಿಗೆ ಆಟಗಾರರನ್ನು ಆರಿಸುವಾಗ ಎಲ್ಲರಿಗಿಂತ ಮೊದಲು ಆರಿಸಿದ ಹೆಸರು ಅರ್ನಿ ಡೇವಿಸ್. ಆಮೇಲೆ ಅವನನ್ನು ಕ್ಲೀವ್‌ಲ್ಯಾಂಡ್ ತಂಡಕ್ಕೆ ಕೊಟ್ಟು ಬಾಬಿ ಮಿಚೆಲ್ ಎಂಬ ಇನ್ನೊಬ್ಬ ಕಪ್ಪು ಆಟಗಾರನನ್ನು ಕರೆತಂದರು. ವಾಷಿಂಗ್ಟನ್‌ನ ಗೋಡೆ ಬಿದ್ದಿದ್ದು ಹೀಗೆ. ಟಚ್‌ಡೌನ್‌ಗಳಿಂದ ಬೀಳದೇ ಇದ್ದದ್ದು ಬಾಡಿಗೆ ಪತ್ರದ ಒಂದು ಷರತ್ತಿನಿಂದ ಬಿತ್ತು.

ಡೇವಿಸ್‌ನನ್ನು ಊಟಕ್ಕೆ ಕೂರಿಸದ ಟೆಕ್ಸಾಸ್ ಕಡೆ ತಿರುಗಿ ನೋಡಿ. ಅವನೇ ಬಂದು ಅವರ ಕಣ್ಣೆದುರು ಗೆದ್ದು ತೋರಿಸಿದ ಮೇಲೂ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ ಬಿಳಿಯರದ್ದಾಗಿಯೇ ಉಳಿಯಿತು. 1969ರಲ್ಲಿ ಅವರು ರಾಷ್ಟ್ರೀಯ ಚಾಂಪಿಯನ್ ಆದಾಗಲೂ ತಂಡದಲ್ಲಿ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಮರುವರ್ಷ, 1970ರಲ್ಲಿ ಜೂಲಿಯಸ್ ವಿಟಿಯರ್ ಮೈದಾನಕ್ಕಿಳಿದ ಮೇಲೆ ಆ ಸಾಲು ಮುರಿಯಿತು. ಲೆಕ್ಕ ಹಾಕಿ, ಡಲ್ಲಾಸ್‌ನ ಆ ಔತಣವಾಗಿ ಹತ್ತು ವರ್ಷ!

ಟೆಕ್ಸಾಸ್ ಬಿಡಿ, ಡೇವಿಸ್‌ನ ಸ್ವಂತ ಮನೆಯ ಕಥೆ ಏನು? ಅದೇ 1970ರಲ್ಲಿ, ಅದೇ ಸಿರಕ್ಯೂಸ್‌ನಲ್ಲಿ, ಅದೇ ಕೋಚ್ ಶ್ವಾರ್ಟ್ಸ್‌ವಾಲ್ಡರ್ ಕೈಕೆಳಗೆ ಕಪ್ಪು ಆಟಗಾರರು ಅಭ್ಯಾಸ ಬಹಿಷ್ಕರಿಸಿದರು. ಅವರು ಕೇಳಿದ್ದೇನು? ಓದಿಗೆ ಸಹಾಯ, ಸರಿಯಾದ ವೈದ್ಯಕೀಯ ಆರೈಕೆ, ಬಣ್ಣ ನೋಡದೆ ಆಡುವ ಅವಕಾಶ, ಕೋಚ್‌ಗಳಲ್ಲಿ ಒಬ್ಬ ಕಪ್ಪು ವರ್ಣೀಯ. ಇದ್ದವರು ಒಂಬತ್ತು ಜನ, ಪತ್ರಿಕೆಗಳು ಕರೆದದ್ದು ‘ಸಿರಕ್ಯೂಸ್ 8’ ಅಂತ! ವಿಶ್ವವಿದ್ಯಾಲಯ ಅವರನ್ನು ಕರೆದು ಗೌರವಿಸಿದ್ದು 2006ರಲ್ಲಿ, ಕೂದಲು ಹಣ್ಣಾದ ಮೇಲೆ. ಹೈಸ್ಮನ್ ಟ್ರೋಫಿ ತಂದ ಕಪ್ಪು ಹುಡುಗನ ಫೋಟೋ ಗೋಡೆ ಮೇಲಿದ್ದ ಕ್ಯಾಂಪಸ್‌ನಲ್ಲೇ ಹೀಗಾಯ್ತು ಅಂದ್ರೆ, ಒಬ್ಬನ ಸಾಧನೆ ಉಳಿದವರ ಹಕ್ಕಾಗಿ ತಾನಾಗಿಯೇ ಬದಲಾಗೋದಿಲ್ಲ ಅಂತ ಅರ್ಥ.

ನನಗೆ ಕಾಣೋದು ಇಷ್ಟು. ಪ್ರತಿಭೆ ಮೈದಾನದ ಗೇಟು ತೆಗೆಯುತ್ತೆ. ಗೆಲ್ಲಿಸುವವನನ್ನು ಒಳಗೆ ಬಿಟ್ಟುಕೊಳ್ಳೋದಕ್ಕೆ ಯಾರಿಗೂ ಕಷ್ಟವಿಲ್ಲ, ಅದರಲ್ಲಿ ಅವರಿಗೇ ಲಾಭ. ಊಟದ ಮನೆಯ ಬಾಗಿಲು ಬೇರೆ. ಅಲ್ಲಿ ಸಮಾನವಾಗಿ ಕೂರಿಸಬೇಕು. ಆ ಬಾಗಿಲು ತೆಗೆಸೋಕೆ ಕಾನೂನು ಬೇಕು, ಕರಾರು ಬೇಕು, ತಂಡದಲ್ಲಿ ಸ್ಥಾನ ಹೋದರೂ ಪರವಾಗಿಲ್ಲ ಅಂತ ಅಭ್ಯಾಸಕ್ಕೆ ಬರದೆ ಕೂರುವ ಒಂಬತ್ತು ಜನ ಬೇಕು. ಸಾಧಕರನ್ನು ತೋರಿಸಿ, ‘ನೋಡಿ, ಇವರು ಬಂದಿಲ್ವಾ? ಹಾಗಾದ್ರೆ ಗೋಡೆ ಎಲ್ಲಿದೆ?’ ಅಂತ ಕೇಳುವವರು ಎಲ್ಲ ದೇಶದಲ್ಲೂ ಇರ್ತಾರೆ. ಅವರಿಗೆ 1960ರ ಕಾಟನ್ ಬೌಲ್ ಸ್ಕೋರನ್ನು ಹೇಳಿ, ಜೊತೆಗೇ ಆ ಔತಣದ ಕಥೆಯನ್ನೂ ಹೇಳಿ.

ಇನ್ನು ಡೇವಿಸ್. ಕ್ಲೀವ್‌ಲ್ಯಾಂಡ್‌ನಲ್ಲಿ ಅವನು ಜಿಮ್ ಬ್ರೌನ್ ಪಕ್ಕದಲ್ಲೇ ಆಡಬೇಕಿತ್ತು. ಎರಡು 44 ನಂಬರ್‌ಗಳು ಒಂದೇ ಸಾಲಿನಲ್ಲಿ! 1962ರ ಬೇಸಿಗೆಯಲ್ಲಿ, ಇನ್ನೇನು ವೃತ್ತಿಜೀವನ ಶುರುವಾಗಬೇಕು ಅನ್ನುವಾಗ, ರಕ್ತದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಕ್ಲೀವ್‌ಲ್ಯಾಂಡ್ ಪ್ರೇಕ್ಷಕರು ಅವನನ್ನು ಮೈದಾನದಲ್ಲಿ ನೋಡಿದ್ದು ಒಂದೇ ಸಲ. ಋತುವಿಗೆ ಮುಂಚಿನ ಒಂದು ಪಂದ್ಯದ ರಾತ್ರಿ, ಬೆಳಕಿನ ಕಂಬಿ ಅವನನ್ನೇ ಹಿಂಬಾಲಿಸುತ್ತಿರುವಾಗ ಓಡಿಬಂದ. ಆಡಲಿಲ್ಲ. 1963ರ ಮೇ 18ರಂದು ತೀರಿಕೊಂಡಾಗ ವಯಸ್ಸು 23. ವೃತ್ತಿಪರ ಲೀಗ್‌ನ ದಾಖಲೆಯಲ್ಲಿ ಅವನ ಹೆಸರಿನ ಮುಂದೆ ಒಂದು ಗಜವೂ ಇಲ್ಲ. ಆದರೂ ಕ್ಲೀವ್‌ಲ್ಯಾಂಡ್‌ನವರು ಅವನಿಗೆ ಕೊಟ್ಟಿದ್ದ 45ನೇ ನಂಬರನ್ನು ಆಮೇಲೆ ಯಾರಿಗೂ ಕೊಡಲಿಲ್ಲ.